ನೆತ್ತಿಯಲ್ಲಿ ತುಕ್ಕು, ತಳದಲ್ಲಿ ತೂತು: ಒಂದು ಸೈಲೆನ್ಸರಿನ ಪ್ರಕರಣ

ಕೊಡಗಿನಲ್ಲಿ ಬೈಕಿನ ಸೈಲೆನ್ಸರ್ ತುಕ್ಕು ಹಿಡಿದರೆ ಯಾರೂ ಕಾರಣ ಹುಡುಕುವುದಿಲ್ಲ. ಮಳೆಯ ತಲೆಗೆ ಕಟ್ಟಿದರೆ ಮುಗಿಯಿತು. ಮಡಿಕೇರಿಯಲ್ಲಿ ವರ್ಷದ ಮಳೆ 3,000 ಮಿ.ಮೀ. ದಾಟುವುದು ಮಾಮೂಲು, ಭಾಗಮಂಡಲದ ಕಡೆ ಅದಕ್ಕೂ ಜಾಸ್ತಿ. ಜೂನ್‌ನಲ್ಲಿ ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಆಗಸ್ಟ್ ಹೊತ್ತಿಗೆ ಹಸಿರು ಬೂಷ್ಟು ಬಂದಿರುತ್ತದೆ. ಕಬ್ಬಿಣದ ಪಾಡು ಕೇಳಬೇಕೆ? ಇಪ್ಪತ್ತು ವರ್ಷದಿಂದ ರಿಪೇರಿ ಅಂಗಡಿ ನಡೆಸುತ್ತಿರುವ ನಾನೂ ಗಿರಾಕಿಗಳಿಗೆ ಇದನ್ನೇ ಹೇಳುತ್ತಿದ್ದೆ. ಹಾಗೆ ಹೇಳಿ ಜಾರಿಕೊಳ್ಳಲು ಬಿಡದ ಒಂದು ಬೈಕು ಬಂತು. ಮೂರು ಸಲ ಮದ್ದು ಮಾಡಿಸಿಕೊಂಡು, ಮೂರು ಸಲವೂ ಅದೇ ಜಾಗದಲ್ಲಿ ತುಕ್ಕು ಹಿಡಿದ ಆ ಬೈಕಿನ ಕಥೆಯನ್ನು ನನ್ನ ಎಡವಟ್ಟುಗಳ ಸಮೇತ ಬರೆದಿದ್ದೇನೆ.

ಬರೆಯಲು ಮಾಲೀಕರ ಒಪ್ಪಿಗೆ ಇದೆ. ಹೆಸರು, ತೋಟ, ಊರು, ಬೈಕಿನ ಕಂಪನಿ ಬಿಟ್ಟಿದ್ದೇನೆ. ಗುರುತು ಹಿಡಿಯಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಅವರನ್ನು ಇಲ್ಲಿ ರೈಟರ್ ಎಂದೇ ಕರೆಯುತ್ತೇನೆ. ಊರಿನವರು ಕರೆಯುವುದೂ ಹಾಗೆಯೇ.

ಹಿನ್ನೆಲೆ

ದಕ್ಷಿಣ ಕೊಡಗಿನ ಒಂದು ಕಾಫಿ ತೋಟದಲ್ಲಿ ಹಾಜರಿ, ಕೂಲಿ ಲೆಕ್ಕ, ಗೊಬ್ಬರದ ದಾಸ್ತಾನು ಎಲ್ಲ ನೋಡಿಕೊಳ್ಳುವವರು ಇವರು. ಬೈಕು 150 ಸಿಸಿಯದು, ಕಾರ್ಬುರೇಟರಿನ ಕಾಲದ್ದು. ಎಂಜಿನ್ನಿನಿಂದ ಹೊರಟು ಬಾಗಿ ಬರುವ ಬೆಂಡ್ ಪೈಪ್ ಬೇರೆ, ಹಿಂದಿನ ಸೈಲೆನ್ಸರ್ ಬೇರೆ. ನಡುವೆ ಒಂದು ಕ್ಲಾಂಪು. ಸೈಲೆನ್ಸರಿನ ಮೇಲೆ ಕಾಲು ಸುಡದಂತೆ ಕ್ರೋಮಿನ ಗಾರ್ಡು. ಎಲ್ಲವೂ ಬಲಬದಿಯಲ್ಲಿ.

ಓಡಾಟ ಮನೆಯಿಂದ ಸ್ಟೋರಿಗೆ, ಸ್ಟೋರಿನಿಂದ ತೋಟದೊಳಗಿನ ಬ್ಲಾಕಿಗೆ, ಬ್ಲಾಕಿನಿಂದ ಕಾಫಿ ಒಣಗಿಸುವ ಕಣಕ್ಕೆ. ಒಂದೊಂದು ಸಲಕ್ಕೆ ಒಂದೂವರೆ, ಎರಡು ಕಿಲೋಮೀಟರ್. ವಾರಕ್ಕೊಮ್ಮೆ ಸಂತೆಗೆ ಬಂದರೆ ಅದೇ ದೂರದ ಪ್ರಯಾಣ. ಈ ವಿವರ ಮೊದಲ ದಿನವೇ ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಇಳಿಯಲು ಎರಡು ತಿಂಗಳ ಮೇಲೆ ಬೇಕಾಯಿತು.

ಮೂರು ಮದ್ದು

ಮೊದಲನೆಯದು ಅವರದೇ. ಸೈಲೆನ್ಸರಿನ ಮೇಲೆ ಕಂದು ಚುಕ್ಕೆ ಕಂಡಾಗ ತಂತಿ ಬ್ರಷ್‌ನಲ್ಲಿ ಉಜ್ಜಿ, ಗೇಟಿಗೆ ತಂದಿದ್ದ ಪೇಂಟಿನಲ್ಲಿ ಉಳಿದದ್ದನ್ನು ಬಳಿದಿದ್ದರು. ಗೇಟಿನ ಪೇಂಟಿಗೆ ಶಾಖ ಗೊತ್ತಿಲ್ಲ. ಬೆಂಡ್ ಪೈಪಿನ ಮೇಲೆ ವಾರದೊಳಗೆ ಸುಟ್ಟು ಕರಿಯಾಯಿತು. ಅಷ್ಟು ಬಿಸಿಯಾಗದ ಸೈಲೆನ್ಸರಿನ ಮೇಲೆ ಹಪ್ಪಳದ ಹಾಗೆ ಉಬ್ಬಿತು. ಈ ಉಬ್ಬು ಒಂದು ಸುಳಿವು. ಸುಟ್ಟ ಪೇಂಟು ಉದುರುತ್ತದೆ. ಉಬ್ಬಿದೆ ಎಂದರೆ ಅದರ ಅಡಿಯಲ್ಲಿ ಏನೋ ಬೆಳೆಯುತ್ತಿದೆ.

ಎರಡನೆಯದು ಗೆಳೆಯರೊಬ್ಬರ ಸಲಹೆ: ಬಚ್ಚಲು ತೊಳೆಯುವ ಆಸಿಡ್. ಬಳಿದ ಐದೇ ನಿಮಿಷದಲ್ಲಿ ತುಕ್ಕು ಕರಗಿ ಲೋಹ ಹೊಳೆಯಿತಂತೆ, ಮನೆಯವರೆಲ್ಲ ಬಂದು ನೋಡಿದರಂತೆ. ಮರುದಿನ ಬೆಳಿಗ್ಗೆ ಇಡೀ ಸೈಲೆನ್ಸರ್ ಕಿತ್ತಳೆ ಬಣ್ಣ. ಆ ಆಸಿಡ್ಡಿನಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕಿನ ಜೊತೆಗೆ ಅದು ಕ್ರೋಮ್ ಲೇಪವನ್ನೂ ತಿನ್ನುತ್ತದೆ. ಬರಿಮೈ ಆದ ಉಕ್ಕಿಗೆ ರಾತ್ರಿಯ ತೇವವೇ ಸಾಕು. ನಿಂಬೆರಸವೋ ವಿನೆಗರೋ ಆಗಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲ, ಆದರೆ ಅವನ್ನೂ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಕೂಡಲೇ ಒಣಗಿಸಬೇಕು. ನನ್ನ ಅಂಗಡಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಕಾಚಂಪುಳಿ ಹಾಕಿದ್ದರೆ ಪಾತಾಳದ ತುಕ್ಕೂ ಬಿಡುತ್ತಿತ್ತು" ಎಂದರು. ಬಿಡುತ್ತಿತ್ತು, ಕೊಡಗಿನ ಅಡುಗೆಯ ಆ ಕಪ್ಪು ರಸವೂ ಹುಳಿಯೇ ತಾನೆ. ಆದರೆ ಕಾಚಂಪುಳಿಯ ಈಗಿನ ಬೆಲೆಗೆ ಅದನ್ನು ಹಂದಿಕರಿ ಬಿಟ್ಟು ಸೈಲೆನ್ಸರಿಗೆ ಹಾಕುವವನಿಗೆ ಮನೆಯಲ್ಲಿ ಊಟ ಸಿಗಲಾರದು.

ಮೂರನೆಯ ಮದ್ದು ನನ್ನದು. ಮೇ ಕೊನೆಯಲ್ಲಿ ಬೈಕು ಭರ್ ಎಂದು ಸದ್ದು ಮಾಡುತ್ತ ಬಂತು. ಸೈಲೆನ್ಸರಿನ ತಳದಲ್ಲಿ ಕಿರುಬೆರಳು ತೂರುವಷ್ಟು ತೂತು, ಮೇಲೆಲ್ಲ ಗುಳಿಗುಳಿ. ಹೊಸದಕ್ಕೆ 4,000 ರೂಪಾಯಿ ಹತ್ತಿರ ಆಗುತ್ತದೆ ಎಂದೆ. "ಮಳೆಗಾಲ ಕಳೆಯಲಿ ಅಣ್ಣಾ, ಈಗ ಹೇಗಾದರೂ ಓಡುವ ಹಾಗೆ ಮಾಡಿಕೊಡಿ" ಎಂದರು. ಒಪ್ಪಿಕೊಂಡೆ. ತೇಪೆ ಹಾಕಿಸಿದೆ, ತುಕ್ಕನ್ನು ಗ್ರೈಂಡರಿನ ತಂತಿ ಚಕ್ರದಿಂದ ಉಜ್ಜಿದೆ, ಫಾಸ್ಫಾರಿಕ್ ಆಮ್ಲದ ತುಕ್ಕು ಪರಿವರ್ತಕ ಬಳಿದೆ, ಮೇಲೆ 600 ಡಿಗ್ರಿ ತಡೆಯುವ ಕಪ್ಪು ಪೇಂಟು ಹೊಡೆದೆ. ಪುಸ್ತಕದಲ್ಲಿ ಇರುವ ಹಾಗೆಯೇ ಮಾಡಿದ್ದೆ. ಎರಡು ಮಳೆಗಾಲಕ್ಕೆ ಮೋಸವಿಲ್ಲ ಎಂದು ಧೈರ್ಯವನ್ನೂ ಕೊಟ್ಟೆ.

ವೆಲ್ಡಿಂಗ್ ವಿಷಯದಲ್ಲಿ ಒಂದು ಮಾತು. ತೇಪೆಗೆಂದು ವೆಲ್ಡರ್ ಹುಡುಗ ಎತ್ತಿಕೊಂಡದ್ದು ಛಾವಣಿಯ ಜಿಐ (ಸತುವಿನ ಲೇಪದ) ತಗಡಿನ ತುಂಡು. ಅದರ ಸತುವು ಉರಿದು ಬರುವ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಗ್ಯಾರಂಟಿ. ಕ್ರೋಮ್ ಲೇಪದ ಮೇಲೆ ಹಾಗೆಯೇ ವೆಲ್ಡಿಂಗ್ ಮಾಡಿದರೆ ಬರುವ ಹೊಗೆ ಇನ್ನೂ ಕೆಟ್ಟದ್ದು. ಲೇಪವನ್ನು ಮೊದಲು ಉಜ್ಜಿ ತೆಗೆಯಬೇಕು, ತೇಪೆಗೆ ಬರಿಯ ಉಕ್ಕಿನ ಹಾಳೆ ಬಳಸಬೇಕು, ಬಯಲಲ್ಲಿ ಮಾಡಬೇಕು. ಅಷ್ಟು ಮಾತ್ರ ನಾನು ಅಂದು ಸರಿಯಾಗಿ ಮಾಡಿದ್ದು.

ಕಕ್ಕಡ 18ರ (ಆಗಸ್ಟ್ 3) ಮದ್ದುಸೊಪ್ಪಿನ ಪಾಯಸ ತಿಂದ ಮರುದಿನ ಬೈಕು ಮತ್ತೆ ಅಂಗಡಿಯ ಮುಂದೆ ನಿಂತಿತ್ತು. ಎರಡು ತಿಂಗಳು ಕಳೆದಿತ್ತು ಅಷ್ಟೇ. ತೇಪೆಯ ಅಂಚಿನಲ್ಲಿ ಹೊಸ ತೂತು. ಮೇಲಿನ ಪೇಂಟು ಹಳೆಯ ಗುಳಿಗಳ ಮೇಲೆಯೇ, ಅಳೆದು ಇಟ್ಟ ಹಾಗೆ, ಉಬ್ಬಿತ್ತು. ರೈಟರ್ ಬಯ್ಯಲಿಲ್ಲ. ಬೈದಿದ್ದರೆ ಮಳೆಯ ಮೇಲೆ ಹಾಕಿ ನಾನು ಬಚಾವಾಗುತ್ತಿದ್ದೆನೇನೋ. ಅವರು ಕೇಳಿದ್ದು ಇಷ್ಟೇ: "ನಮ್ಮ ಮೇಸ್ತ್ರಿಯ ಬೈಕೂ ಇದೇ ಕಂಪನಿ, ಇದೇ ವರ್ಷದ್ದು, ಇದರ ಪಕ್ಕದಲ್ಲೇ ನಿಲ್ಲುವುದು. ಅದಕ್ಕೆ ಏನೂ ಆಗಿಲ್ಲವಲ್ಲ ಅಣ್ಣಾ?"

ಪಕ್ಕದ ಬೈಕು

ಈ ಪ್ರಶ್ನೆ ನನ್ನನ್ನು ಮರುದಿನ ತೋಟಕ್ಕೆ ಹೊರಡಿಸಿತು. ಎರಡೂ ಬೈಕುಗಳನ್ನು ಸೌದೆ ಕೊಟ್ಟಿಗೆಯಲ್ಲಿ ಪಕ್ಕಪಕ್ಕ ನಿಲ್ಲಿಸಿ ಕೂತು ನೋಡಿದೆ. ಮೇಸ್ತ್ರಿಯ ಬೈಕಿನಲ್ಲೂ ತುಕ್ಕಿತ್ತು. ಬೆಂಡ್ ಪೈಪಿನ ಮುಂಭಾಗದಲ್ಲಿ, ಸೈಲೆನ್ಸರಿನ ಕೆಳಮೈಯಲ್ಲಿ, ಚಕ್ರದ ಕೆಸರು ಬಡಿಯುವ ಕಡೆ. ಮಳೆಯ ತುಕ್ಕು ಬರುವುದೇ ಹೀಗೆ: ಕೆಳಗಿನಿಂದ, ಮುಂದಿನಿಂದ, ತೆಳ್ಳಗೆ, ಎಲ್ಲ ಕಡೆ ಒಂದೇ ಸಮ. ಎಮರಿ ಕಾಗದದಲ್ಲಿ ಎರಡು ಸಲ ಉಜ್ಜಿದರೆ ಹೋಗುವಂಥದ್ದು.

ರೈಟರ್ ಬೈಕಿನ ಬೆಂಡ್ ಪೈಪಿನಲ್ಲೂ ಅಂಥದ್ದೇ ಇತ್ತು. ಸೈಲೆನ್ಸರಿನ ಕಥೆ ಬೇರೆ. ಅಲ್ಲಿ ತುಕ್ಕು ನೆತ್ತಿಯ ಮೇಲೆ. ಕೆಸರು ಹಾರಿ ಬೀಳದ, ಹಿಂಬದಿ ಸವಾರನ ಸೀಟಿನ ನೇರ ಕೆಳಗಿನ ಒಂದು ಗೇಣು ಜಾಗದಲ್ಲಿ ಸಾಸಿವೆ ಕಾಳಿನಿಂದ ಹಿಡಿದು ಕಡಲೆ ಕಾಳಿನ ಗಾತ್ರದವರೆಗಿನ ಗುಳಿಗಳು. ತಳದ ತೂತಿನ ಸುತ್ತ ಮಾತ್ರ ಹೊರಮೈ ಹೆಚ್ಚು ಕೆಟ್ಟಿರಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಟಣ್ ಎನ್ನದೆ ಒಡೆದ ಮಡಕೆಯಂತೆ ಬೊದ್ದು ಸದ್ದು. ಅದು ಒಳಗಿನಿಂದ ಸವೆದ ಲೋಹ.

ಅಲ್ಲಿಯವರೆಗೆ ನಾನು ಒಂದು ತುಕ್ಕಿಗೆ ಮದ್ದು ಮಾಡುತ್ತಿದ್ದೆ. ಅಲ್ಲಿ ಇದ್ದದ್ದು ಎರಡು. ಒಂದು ಮೇಲಿನಿಂದ ಕೆಳಕ್ಕೆ, ಇನ್ನೊಂದು ಒಳಗಿನಿಂದ ಹೊರಕ್ಕೆ ತಿನ್ನುತ್ತಿತ್ತು.

ಒಳಗಿನದ್ದು ಬಿಡಿಸಲು ಸುಲಭವಾಯಿತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೊಗೆಯ ಜೊತೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ದೂರ ಓಡಿದ ಬೈಕಿನಲ್ಲಿ ಸೈಲೆನ್ಸರ್ ಕಾದು ಆ ಆವಿ ಹೊರಗೆ ಹೋಗುತ್ತದೆ. ಎರಡು ಕಿಲೋಮೀಟರಿಗೆ ಎಂಜಿನ್ ಆರಿಸಿದರೆ ಆವಿ ತಣ್ಣಗಿನ ತಗಡಿಗೆ ತಾಗಿ ನೀರಾಗಿ, ಹೊಗೆಯ ಆಮ್ಲ ಕಲೆತು, ತಳದಲ್ಲಿ ನಿಲ್ಲುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಸೈಲೆನ್ಸರಿನ ಬಾಯಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಗಾಬರಿಯಾಗಿ ನನ್ನ ಬಳಿ ಓಡಿ ಬರುವವರಿದ್ದಾರೆ. ತೊಟ್ಟಿಕ್ಕುವುದು ಒಳ್ಳೆಯದು, ಒಳಗೆ ಉಳಿಯುವುದು ಕೆಟ್ಟದ್ದು. ಈ ಸೈಲೆನ್ಸರಿಗೆ ಅತಿ ತಗ್ಗಿನ ಜಾಗದಲ್ಲಿ ನೀರು ಬಸಿಯಲು ಸಣ್ಣ ರಂಧ್ರವಿತ್ತು. ತೋಟದ ಕೆಂಪು ಮಣ್ಣು ಅದನ್ನು ಸೀಲು ಮಾಡಿದ ಹಾಗೆ ಮುಚ್ಚಿತ್ತು. ಸೈಕಲ್ ಕಡ್ಡಿಯಿಂದ ಚುಚ್ಚಿದಾಗ ಮಸಿಯಂಥ ನೀರು ಒಂದು ಟೀ ಲೋಟದಷ್ಟು ಸುರಿಯಿತು. ಇಂಥ ತಗಡಿಗೆ ಬೆಸುಗೆ ಹಾಕಿದ್ದೇ ನನ್ನ ತಪ್ಪು. ತೇಪೆಗೆ ಹಿಡಿದುಕೊಳ್ಳಲು ಗಟ್ಟಿ ಲೋಹ ಬೇಕಲ್ಲ? ಪೇಪರಿನಷ್ಟು ತೆಳುವಾದ ಅಂಚು ಬೆಸುಗೆಯ ಶಾಖಕ್ಕೆ ಇನ್ನಷ್ಟು ಸುಟ್ಟು ಹೊಸ ತೂತಿಗೆ ದಾರಿಯಾಗಿತ್ತು.

ಕೆಂಪು ಹರಳು

ನೆತ್ತಿಯ ಗುಳಿಗಳಿಗೆ ನಾನು ಮೊದಲು ಸಂಶಯಪಟ್ಟದ್ದು ಮೈಲುತುತ್ತವನ್ನು (ಕಾಪರ್ ಸಲ್ಫೇಟ್). ಟ್ಯಾಂಕಿನ ಮೇಲೆ ನೀಲಿ ಕಲೆಗಳಿದ್ದವು; ಮಳೆಗಾಲಕ್ಕೆ ಮುಂಚೆ ಮೆಣಸಿನ ಬಳ್ಳಿಗೆ ರೋಗ ಬಾರದಂತೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವಾಗ ತಾಗಿದ್ದು. ಮೈಲುತುತ್ತದ ನೀರಿಗೆ ಕಬ್ಬಿಣ ಹಾಕಿದರೆ ಕಬ್ಬಿಣ ಕರಗಿ ತಾಮ್ರ ಅಂಟಿಕೊಳ್ಳುತ್ತದೆ, ಕರಿಮೆಣಸು ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸಿ, ಚಾಕು ಅದ್ದಿ ತೆಗೆದು, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಹಾಕುವುದು ಅವರ ನಿತ್ಯದ ಪರೀಕ್ಷೆ. ಆದರೆ ಕಲೆಗಳಿದ್ದದ್ದು ಎಡಬದಿಯಲ್ಲಿ. ಅದೂ ಅಲ್ಲದೆ ಮೇಸ್ತ್ರಿಯ ಬೈಕಿನಲ್ಲಿ ಅವು ಇನ್ನೂ ಹೆಚ್ಚು. ಆ ಸಂಶಯ ಅಲ್ಲಿಗೆ ಮುಗಿಯಿತು.

ಹಾಗೆ ಸುಮ್ಮನೆ ಕೈಯಾಡಿಸುವಾಗ ಸೀಟಿನ ಹಿಂದಿನ ಕ್ಯಾರಿಯರ್ ಮತ್ತು ಗಾರ್ಡಿನ ಸಂದಿಯಲ್ಲಿ ಕೆಂಪು ಪುಡಿ ಸಿಕ್ಕಿತು. ತುಕ್ಕು ಎಂದುಕೊಂಡು ಉಜ್ಜಿದೆ. ತುಕ್ಕು ಬೆರಳಿಗೆ ಹಿಟ್ಟಿನ ಹಾಗೆ ಹತ್ತುತ್ತದೆ. ಇದು ಸಕ್ಕರೆಯ ಹಾಗೆ ಒರಟಾಗಿತ್ತು, ಬೆರಳ ತುದಿಯಲ್ಲಿ ನೀರೊಡೆಯಿತು.

"ರೈಟರೇ, ಇದರ ಮೇಲೆ ಏನು ಸಾಗಿಸುತ್ತೀರಿ?"

"ಗೊಬ್ಬರ. ಒಡೆದ ಮೂಟೆ ಉಳಿದರೆ ಬ್ಲಾಕಿನಿಂದ ಬ್ಲಾಕಿಗೆ ನಾನೇ ತೆಗೆದುಕೊಂಡು ಹೋಗುತ್ತೇನೆ. ಜೀಪಿಗೆ ಅಷ್ಟಕ್ಕೆಲ್ಲ ಡೀಸೆಲ್ ಹಾಕಿಸುತ್ತಾರೆಯೇ?"

ಯೂರಿಯಾ, ರಾಕ್ ಫಾಸ್ಫೇಟ್, ಪೊಟ್ಯಾಷ್. ಕೆಂಪಗಿರುವುದು ಪೊಟ್ಯಾಷ್; ಅಂಗಡಿಯಲ್ಲಿ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದು ಮಾರುವ ಪೊಟ್ಯಾಸಿಯಂ ಕ್ಲೋರೈಡ್. ಅಡಿಗೆ ಉಪ್ಪಿನ ಅಣ್ಣತಮ್ಮ. ತೂಕದಲ್ಲಿ ಹತ್ತಿರಹತ್ತಿರ ಅರ್ಧ ಕ್ಲೋರೈಡ್. ಗಾಳಿಯ ಆರ್ದ್ರತೆ ಶೇ. 84ರಷ್ಟಾದರೆ ಈ ಹರಳು ತಾನಾಗಿಯೇ ನೀರೆಳೆದು ಕರಗುತ್ತದೆ. ಕಾಫಿಗೆ ಹೂವಿಗೆ ಮುಂಚೆ, ಹೂವಾದ ಮೇಲೆ, ಮಳೆಯ ನಡುವೆ, ಮಳೆ ಮುಗಿದ ಮೇಲೆ ಎಂದು ಗೊಬ್ಬರ ಹಾಕುವ ಕಂತುಗಳಿವೆ; ನಮ್ಮ ಮಳೆಗಾಲದಲ್ಲಿ ಆ ಶೇ. 84ಕ್ಕೆ ಕಾಯಬೇಕಾಗಿಯೇ ಇಲ್ಲ. ತುಕ್ಕಿನ ಬಣ್ಣದ್ದೇ ಉಪ್ಪು, ತುಕ್ಕಿನ ಮೇಲೆಯೇ ಬಿದ್ದದ್ದು. ಯಾರ ಕಣ್ಣಿಗೆ ಬಿದ್ದೀತು?

ಬಲಬದಿಗೇ ಏಕೆ ಬೀಳುತ್ತಿತ್ತು ಎಂಬುದು ಒಂದು ಮೂಟೆ ಹೇರಿಸಿ ನೋಡಿದಾಗ ತಿಳಿಯಿತು. ಸೈಡ್ ಸ್ಟ್ಯಾಂಡಿನಲ್ಲಿ ಬೈಕು ಎಡಕ್ಕೆ ವಾಲಿರುತ್ತದೆ. ಹುಡುಗ ಎಡಗಡೆಯಿಂದ ಮೂಟೆ ಎತ್ತಿ ಸೀಟಿನ ಮೇಲೆ ಅಡ್ಡ ಇಡುತ್ತಾನೆ. ಒಡೆದ ಬಾಯಿ ತನ್ನ ಮೈಮೇಲೆ ಚೆಲ್ಲಬಾರದೆಂದು ಅದನ್ನು ಆಚೆಗೆ ತಿರುಗಿಸುತ್ತಾನೆ. ಆಚೆ ಎಂದರೆ ಬಲಕ್ಕೆ, ಸೈಲೆನ್ಸರಿನ ನೆತ್ತಿಯ ಮೇಲಕ್ಕೆ.

ಹಾಲಾದ ನೀರು

ಊಹೆ ಚೆನ್ನಾಗಿತ್ತು. ಆದರೆ ಅದೇ ಬೈಕಿನ ಬಗ್ಗೆ ಒಮ್ಮೆ ಧೈರ್ಯದಿಂದ ಮಾತಾಡಿ ನಾಲಿಗೆ ಸುಟ್ಟುಕೊಂಡಿದ್ದೆ. ನನ್ನಲ್ಲಿ ಸ್ಕೂಟರ್ ಸರ್ವೀಸ್ ಮಾಡಿಸುವ ಕಾಲೇಜಿನ ರಸಾಯನಶಾಸ್ತ್ರದ ಮೇಡಂ ಒಬ್ಬರನ್ನು ಕೇಳಿದೆ. ಅವರು ಕಂದು ಬಾಟಲಿಯಲ್ಲಿ ಸ್ವಲ್ಪ ಸಿಲ್ವರ್ ನೈಟ್ರೇಟ್ ದ್ರಾವಣವನ್ನೂ, ದುರ್ಬಲ ನೈಟ್ರಿಕ್ ಆಮ್ಲವನ್ನೂ ತಂದು, ತಾವೇ ನಿಂತು ಪರೀಕ್ಷೆ ಮಾಡಿಸಿದರು. ಕ್ಲೋರೈಡ್ ಇದ್ದರೆ ನೀರು ಬಿಳಿಯಾಗುತ್ತದೆ; ಆಮ್ಲ ಹಾಕುವುದು ಬೇರೆ ಲವಣಗಳು ಮೋಸ ಮಾಡದಿರಲಿ ಎಂದು. ತೊಳೆಯಲು ನಲ್ಲಿ ನೀರು ಬೇಡ ಎಂದಾಗ ನಾನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಕೊಟ್ಟೆ. ಬರಿಯ ಬ್ಯಾಟರಿ ನೀರಿಗೆ ಹನಿ ಬಿಟ್ಟಾಗ ತಿಳಿಯಾಗಿಯೇ ಉಳಿಯಿತು. ಒಂದು ಗುಳಿಯನ್ನು ಕೆದಕಿ, ನೆನೆಸಿ, ಬಟ್ಟೆಯಲ್ಲಿ ಸೋಸಿದ ನೀರು ಒಂದೇ ಹನಿಗೆ ಮಜ್ಜಿಗೆಯಾಯಿತು.

ನಾನು ಗೆದ್ದೆ ಎಂದುಕೊಂಡೆ. ಮೇಡಂ, "ನೀವೇ ಹೇಳಿದಿರಲ್ಲ, ಇದಕ್ಕೆ ಬಚ್ಚಲಿನ ಆಸಿಡ್ ಹಾಕಿದ್ದರು ಎಂದು? ಅದೂ ಕ್ಲೋರೈಡೇ" ಎಂದರು. ನಿಜ. ಆಸಿಡ್ ತಾಗದ ಜಾಗದ ಮಾದರಿ ಬೇಕಾಯಿತು. ಕ್ಯಾರಿಯರಿನ ಬಲಗಡೆಯ ಸರಳನ್ನು ತೊಳೆದ ನೀರು ಮಜ್ಜಿಗೆಯಾಯಿತು; ಎಡಗಡೆಯದು ತುಸು ಮಬ್ಬಾಯಿತು ಅಷ್ಟೇ. ಮೇಸ್ತ್ರಿಯ ಬೈಕಿನದು ಹೆಚ್ಚುಕಡಿಮೆ ತಿಳಿ. ಈ ತನಿಖೆಯ ಗುರುತಾಗಿ ನನ್ನ ಹೆಬ್ಬೆರಳಿನ ಮೇಲೆ ಸಿಲ್ವರ್ ನೈಟ್ರೇಟಿನ ಕಪ್ಪು ಕಲೆ ವಾರಗಟ್ಟಲೆ ಇತ್ತು, ಚುನಾವಣೆಯ ಶಾಯಿಯ ಹಾಗೆ.

ನನ್ನ ಮದ್ದು ಏಕೆ ಕೆಲಸ ಮಾಡಲಿಲ್ಲ ಎಂಬುದೂ ಆಗ ಹೊಳೆಯಿತು. ಗುಳಿಯ ಆಳದಲ್ಲಿ ಕೂತ ಕ್ಲೋರೈಡ್ ಕಬ್ಬಿಣದೊಡನೆ ಸೇರಿ ಅದನ್ನು ಕರಗಿಸುತ್ತದೆ, ಕಬ್ಬಿಣ ತುಕ್ಕಾದಾಗ ಬಿಡುಗಡೆಯಾಗಿ ಮತ್ತೆ ಹೊಸ ಕಬ್ಬಿಣವನ್ನು ಹಿಡಿಯುತ್ತದೆ. ತಾನು ಮಾತ್ರ ಖರ್ಚಾಗುವುದಿಲ್ಲ. ತಂತಿ ಚಕ್ರ ಗುಳಿಯ ಅಂಚನ್ನು ಹೊಳೆಯಿಸುತ್ತದೆಯೇ ಹೊರತು ತಳ ಮುಟ್ಟುವುದಿಲ್ಲ. ಪರಿವರ್ತಕ ಮೇಲಿನ ತುಕ್ಕನ್ನು ಕಪ್ಪಾಗಿಸಿತು, ಅದರ ಮೇಲೆ ಪೇಂಟಿನ ಮುಚ್ಚಳ ಹಾಕಿದೆ. ಉಪ್ಪು ಒಳಗೇ ಉಳಿಯಿತು. ಇಂಥ ಕಡೆ ಮೊದಲು ಬೇಕಾದದ್ದು ನೀರು, ಅದೂ ಬಿಸಿನೀರು, ಅದೂ ಹಲವು ಸಲ.

ಕೊನೆಗೆ ಮಾಡಿದ್ದು

ಸೈಲೆನ್ಸರನ್ನು ಉಳಿಸುವ ಮಾತು ಕೈಬಿಟ್ಟೆವು. ರೈಟರ್‌ಗೆ ಬೇಸರವಿತ್ತು, ತೇಪೆಗೆ ಕೊಟ್ಟ ದುಡ್ಡನ್ನು ಹೊಸದರಲ್ಲಿ ಕಳೆದೆ. ಹೊಸತನ್ನು ಕೂರಿಸುವ ಮುಂಚೆ ಬಸಿ ರಂಧ್ರ ಎಲ್ಲಿದೆ ಎಂದು ಅವರಿಗೆ ತೋರಿಸಿ, ಸೈಕಲ್ ಕಡ್ಡಿಯ ತುಂಡೊಂದನ್ನು ಟೂಲ್ ಡಬ್ಬಿಯಲ್ಲಿ ಹಾಕಿಕೊಟ್ಟೆ.

ಬೆಂಡ್ ಪೈಪ್ ಗಟ್ಟಿಯಾಗಿತ್ತು. ಅದನ್ನೂ ಕ್ಯಾರಿಯರನ್ನೂ ಬಿಚ್ಚಿ, ಬಿಸಿನೀರು ಸುರಿಯುತ್ತ ನೈಲಾನ್ ಬ್ರಷ್‌ನಲ್ಲಿ ತಿಕ್ಕಿ, ಒಣಗಿಸಿ, ಮತ್ತೆ ತೊಳೆದೆವು. ಕ್ಯಾರಿಯರಿನ ನೀರು ಹನಿಗೆ ತಿಳಿಯಾಗಿ ಉಳಿಯಲು ನಾಲ್ಕು ತೊಳೆತ ಬೇಕಾಯಿತು. ಆಮೇಲೆ ಎಮರಿ ಕಾಗದ, ಪರಿವರ್ತಕ, ಒಲೆಯ ಪಕ್ಕದಲ್ಲಿ ಒಂದು ರಾತ್ರಿ ಒಣಗುವುದು, ಬೆಂಡ್ ಪೈಪಿಗೆ ಶಾಖ ತಡೆಯುವ ಪೇಂಟಿನ ಎರಡು ತೆಳು ಪದರ. ಈ ಪೇಂಟು ಬಿಸಿಯಾಗದೆ ಗಟ್ಟಿಯಾಗುವುದಿಲ್ಲ. ಬಯಲಲ್ಲಿ ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ ಆರಲು ಬಿಟ್ಟು, ಮತ್ತೆ ಇಪ್ಪತ್ತು ನಿಮಿಷ ಓಡಿಸಿ ಆರಲು ಬಿಟ್ಟು, ಆಮೇಲೆ ರಸ್ತೆಗೆ. ಮಳೆ ಎಂದು ಮುಚ್ಚಿದ ಶೆಡ್ಡಿನಲ್ಲಿ ಇದನ್ನು ಮಾಡಬೇಡಿ, ಆ ಹೊಗೆ ಜೀವ ತೆಗೆಯುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಬೈಕಾದರೆ ಪೈಪಿಗೆ ಸಾಮಾನ್ಯವಾಗಿ ಆಕ್ಸಿಜನ್ ಸೆನ್ಸರ್ ಇರುತ್ತದೆ; ಅದನ್ನು ಬಿಚ್ಚಿಟ್ಟೇ ಆಮ್ಲ, ಪೇಂಟು ಮುಟ್ಟಬೇಕು.

ಗೊಬ್ಬರ ಸಾಗಿಸಬೇಡಿ ಎಂದು ಹೇಳುವುದು ಸುಲಭ, ಜೀಪು ಅವರದಲ್ಲ. ಹಳೆಯ ಟಾರ್ಪಾಲಿನ ತುಂಡನ್ನು ಸೀಟಿನ ಮೇಲೆ ಹಾಸಿ ಬಲಗಡೆ ಮೊಣಕಾಲಿನವರೆಗೆ ಇಳಿಬಿಡುವುದು, ಮೂಟೆಯ ಬಾಯನ್ನು ಹಿಂದಕ್ಕೆ ತಿರುಗಿಸುವುದು, ಇಳಿಸಿದ ದಿನವೇ ಒಂದು ಬಕೆಟ್ ನೀರು ಸುರಿಯುವುದು ಎಂದು ಒಪ್ಪಂದವಾಯಿತು. ಮೂಟೆ ಇಳಿಸಿದ ಕೂಡಲೇ ಟಾರ್ಪಾಲನ್ನು ತೆಗೆಯಬೇಕು. ಬಿಸಿ ಸೈಲೆನ್ಸರಿಗೆ ತಾಗಿದರೆ ಕರಗುತ್ತದೆ, ಒದ್ದೆ ಟಾರ್ಪಾಲನ್ನು ಬೈಕಿನ ಮೇಲೆಯೇ ಬಿಟ್ಟರೆ ತೇವವನ್ನು ಹಿಡಿದಿಡುತ್ತದೆ. ವಾರಕ್ಕೆ ಎರಡು ಸಲವಾದರೂ ಅರ್ಧ ಗಂಟೆ ಒಂದೇ ಸಮನೆ ಓಡಿಸಿ ಎಂದೆ. ಸಂಜೆ ಮಗಳನ್ನು ಟ್ಯೂಷನ್ನಿನಿಂದ ಕರೆತರುವ ಕೆಲಸ ಅಂದಿನಿಂದ ಅವರದಾಯಿತು. ಮನೆಯಲ್ಲಿ ಇದರಿಂದ ನನಗೆ ಒಳ್ಳೆಯ ಹೆಸರು ಬಂದಿದೆ ಎಂದು ಕೇಳಿದ್ದೇನೆ.

ಎರಡು ಮಳೆಗಾಲ ಕಳೆದ ಮೇಲೆ

ಕಳೆದ ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಆದ ವಾರ ಬೈಕು ಸರ್ವೀಸಿಗೆ ಬಂತು. ಬೆಂಡ್ ಪೈಪಿನ ಪೇಂಟು ಎಂಜಿನ್ನಿನ ಬಾಯಿಯ ಬಳಿ ಎರಡು ಬೆರಳಿನಷ್ಟು ಉದುರಿದೆ. ಅಲ್ಲಿ ಶಾಖ ಅತಿ, ವರ್ಷಕ್ಕೊಮ್ಮೆ ಬಳಿಯುವುದೇ ದಾರಿ. ಸೈಲೆನ್ಸರಿನ ತಳ ಟಣ್ ಎನ್ನುತ್ತದೆ. ನೆತ್ತಿ ನುಣ್ಣಗಿದೆ.

ಆದರೆ ಕ್ಲಾಂಪಿನ ಅಂಚಿನಿಂದ ಹೊಸ ಸೈಲೆನ್ಸರಿನ ಕತ್ತಿನ ಮೇಲೆ ಕಂದು ಗೆರೆಯೊಂದು ಇಳಿದಿತ್ತು. ನೋಡಿದ ಕೂಡಲೇ ನೆನಪಾಯಿತು. ಆ ದಿನ ಹೊಸ ಕ್ಲಾಂಪಿಗೆ ಇನ್ನೂರು ರೂಪಾಯಿ ಏಕೆ ಎಂದು ಹಳೆಯದನ್ನೇ ಬಟ್ಟೆಯಲ್ಲಿ ಒರೆಸಿ ಹಾಕಿದ್ದೆ. ಕ್ಯಾರಿಯರನ್ನು ನಾಲ್ಕು ಸಲ ತೊಳೆದವನು ಕ್ಲಾಂಪನ್ನು ಒಮ್ಮೆಯೂ ತೊಳೆದಿರಲಿಲ್ಲ. ಬಿಚ್ಚಿದೆ, ಮಡಿಕೆಯ ಒಳಗೆ ಕೆಂಪು ಹಿಟ್ಟು, ಅದರ ನಡುವೆ ಒಂದೆರಡು ಕಡೆ ಸಣ್ಣ ಹೊಳಪು. ಗಾಜಿನ ಲೋಟದಲ್ಲಿ ಬ್ಯಾಟರಿ ನೀರು ಹಾಕಿ ರಾತ್ರಿಯೆಲ್ಲ ನೆನೆಯಲು ಬಿಟ್ಟೆ. ಬೆಳಿಗ್ಗೆ ಮೇಡಂ ಶಾಲೆಗೆ ಹೋಗುವ ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡೇ ನಿಂತು, ಬ್ಯಾಗಿನಿಂದ ಕಂದು ಬಾಟಲಿ ತೆಗೆದು ಒಂದು ಹನಿ ಬಿಟ್ಟರು. ಮಗು, "ಅಮ್ಮಾ, ಹಾಲು" ಎಂದಿತು. ರೈಟರ್ ನನ್ನ ಮುಖ ನೋಡಿದರು. ಹೊಸ ಕ್ಲಾಂಪನ್ನು ನನ್ನ ಲೆಕ್ಕದಲ್ಲಿ ಹಾಕಿಕೊಟ್ಟೆ.